ಘಟ್ಟ ಹತ್ತದ ಬಿಸಿ

ಆಷಾಢದ ನಡುವಿನ ದಿನಗಳು. ಕ್ಯಾಸಲ್‌ರಾಕ್ ಸ್ಟೇಷನ್ನಿನ ಸುತ್ತ ಮಂಜು ಇಳಿದು ಕೂತಿದೆ. ತುಸು ದೂರದ ಸಿಗ್ನಲ್ ದೀಪ ಕೆಂಪೋ ಹಸಿರೋ ಎಂದು ತಿಳಿಯಲು ಕಣ್ಣು ಕಿರಿದು ಮಾಡಿ ನೋಡಬೇಕು. ಗೋವಾ ಕಡೆಯಿಂದ ಘಟ್ಟ ಹತ್ತಿ ಬಂದ ಗಾಡಿಯೊಂದು ನಿಂತಿದೆ. ಹಿಂದಿನಿಂದ ಒತ್ತಿಕೊಂಡು ಬಂದ ಬ್ಯಾಂಕರ್ ಎಂಜಿನ್‌ಗಳನ್ನು ಕಳಚುತ್ತಿದ್ದಾರೆ. ರೇನ್‌ಕೋಟ್ ತೊಟ್ಟ ಗ್ಯಾಂಗ್‌ಮನ್‌ಗಳು ಹಳಿಗುಂಟ ನಡೆದು ಮಂಜಿನೊಳಗೆ ಮರೆಯಾಗುತ್ತಾರೆ. ಊರ ಕಡೆ ತಿರುಗಿದರೆ ಕಲ್ಲಿನ ಗೋಡೆಗೆ ಪಾಚಿ, ಹೆಂಚಿನ ಸಂದಿಯಲ್ಲಿ ಹುಲ್ಲು, ಕಟ್ಟಿಗೆ ರಾಶಿಗೆ ಹೊದಿಸಿದ ನೀಲಿ ತಾಡಪತ್ರಿ. ಮನೆಯೊಳಗೆ ಒಲೆಯ ಮೇಲಿನ ಹಗ್ಗದಲ್ಲಿ ಒಣಗದೆ ಉಳಿದ ಬಟ್ಟೆಗೆ ಹೊಗೆಯ ವಾಸನೆ ಹತ್ತಿದೆ. ಗೋಡೆ ಬೆವರುತ್ತದೆ, ಉಪ್ಪು ಭರಣಿಯಲ್ಲೇ ನೀರಾಗುತ್ತದೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ.

ಅಂಥ ಒಂದು ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ ನಿಂತಿದೆ. ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುತ್ತದೆ, ತಂಪು ಮಾತ್ರ ಇಲ್ಲ. ಗೌಳಿಗರ ಮನೆಯಿಂದ ತಂದ ಎಮ್ಮೆ ಹಾಲು ಒಡೆದಿದೆ. ಫ್ರೀಜರಿನ ಮಂಜುಗಡ್ಡೆ ಕರಗಿ ತರಕಾರಿ ಡಬ್ಬಿಯವರೆಗೆ ಹರಿದಿದೆ. ಬಾಗಿಲ ಖಾನೆಯಲ್ಲಿ ಮನೆಯ ಹಿರಿಯರ ಇನ್ಸುಲಿನ್ ಇದೆ. ಮನೆಯಾಕೆಯ ಚಿಂತೆಯೆಲ್ಲ ಅದರದೇ.

ರಾಮನಗರದ ಮೆಕ್ಯಾನಿಕ್‌ಗೆ ಫೋನು ಹೋಗುತ್ತದೆ.

"ತಮ್ಮಾ, ಮೊನ್ನೆ ರಾತ್ರಿ ಲೈಟ್ ಹೋಗಿ ಬಂತು ನೋಡು, ಆವಾಗಿಂದ ತಣ್ಣಗ ಆಗವಲ್ದು. ಒಳಗಿನ ಬಲ್ಬ್ ಹತ್ತತೈತಿ."

"ಬಾಗಲಾ ಪದೇಪದೇ ತೆಗೀಬ್ಯಾಡ್ರಿ ಅಕ್ಕಾರ. ಹಿಂದ ಕಿವಿ ಕೊಟ್ಟು ಕೇಳ್ರಿ, ಏನ್ ಸಪ್ಪಳ ಬರತೈತಿ ಹೇಳ್ರಿ."

ಆಕೆ ಗೋಡೆಗೂ ಫ್ರಿಜ್ಜಿಗೂ ನಡುವಿನ ಸಂದಿಗೆ ಕಿವಿ ಒಡ್ಡಿ ಕೇಳುತ್ತಾಳೆ. ಗುಂಯ್ ಎಂದು ಸಣ್ಣ ಮೊರೆತ. ತುಸು ಹೊತ್ತಿಗೆ ಟಿಕ್. ಆಮೇಲೆ ಸದ್ದಿಲ್ಲ. ಕೆಲವು ನಿಮಿಷ ಕಳೆದು ಮತ್ತೆ ಗುಂಯ್, ಮತ್ತೆ ಟಿಕ್. ಅದನ್ನು ಕೇಳಿದಂತೆಯೇ ಫೋನಿನಲ್ಲಿ ಹೇಳುತ್ತಾಳೆ. ಆಚೆಯವನಿಗೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. "ಸ್ವಿಚ್ ಬಂದ್ ಮಾಡಿಡ್ರಿ, ಬರ್ತೀನಿ" ಎನ್ನುತ್ತಾನೆ.

ದೂರದ ಊರು, ಹತ್ತಿರದ ಕಾಡು

ಬರುತ್ತೇನೆ ಎನ್ನುವುದು ಇಲ್ಲಿ ಸಣ್ಣ ಮಾತಲ್ಲ. ಕ್ಯಾಸಲ್‌ರಾಕ್ ಜೋಯಿಡಾ ತಾಲ್ಲೂಕಿನ ಅಂಚಿನ ಊರು. ಆಚೆಗೆ ಗೋವಾ, ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. 1880ರ ದಶಕದ ಕೊನೆಗೆ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬಂದ ಪೋರ್ಚುಗೀಸ್ ರೈಲುಮಾರ್ಗ ಬ್ರಿಟಿಷರ ಮಾರ್ಗವನ್ನು ಕೂಡಿದ್ದು ಇಲ್ಲಿ. ಗೋವಾ ವಿಮೋಚನೆಯಾದ 1961ರವರೆಗೂ ಇದು ಗಡಿ ಠಾಣೆ. ಪ್ರಯಾಣಿಕರ ಟ್ರಂಕು ಬಿಚ್ಚಿಸಿ ನೋಡುವ ಸುಂಕದವರು ಇಲ್ಲಿದ್ದರು. ಭಾರತದಲ್ಲೇ ತಯಾರಾದ ಮೊದಲ ಫ್ರಿಜ್ ಗೋದ್ರೆಜ್ ಕಾರ್ಖಾನೆಯಿಂದ ಹೊರಬಂದ 1958ರಲ್ಲಿ ಈ ಸ್ಟೇಷನ್ನಿನ ಆಚೆಗಿದ್ದದ್ದು ಇನ್ನೊಂದು ದೇಶ.

ಈಗ ಗಡಿಯಿಲ್ಲ, ಮಳೆಯಿದೆ. ವರ್ಷದ ಮಳೆ 5000 ಮಿ.ಮೀ. ದಾಟುವುದು ಇಲ್ಲಿ ಅಪರೂಪವಲ್ಲ. ಕಬ್ಬಿಣವೆಂಬ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಸುವ ಆ ತೇವ ಫ್ರಿಜ್ಜಿನ ಹಿಂದಿನ ಕಾಯಿಲ್, ಸ್ಕ್ರೂ, ಪ್ಲಗ್ಗಿನ ಪಿನ್ನು ಯಾವುದನ್ನೂ ಬಿಡುವುದಿಲ್ಲ. ಊರಿಗೆ ಬರುವ ವಿದ್ಯುತ್ ತಂತಿ ಕಾಡಿನ ನಡುವೆ ಹಾದು ಬರುತ್ತದೆ. ಗಾಳಿಗೆ ಕೊಂಬೆ ಮುರಿದು ಬಿದ್ದರೆ ಅದನ್ನು ಹುಡುಕಿ ತೆಗೆಯುವವರೆಗೆ ಕತ್ತಲೆ. ಲೈನ್ ಬಂದ ಮೇಲೂ ಕೆಲ ಹೊತ್ತು ಬಲ್ಬು ಕೆಂಪಗೆ ಮಿಣುಕುತ್ತದೆ. ಇದೇ ತಾಲ್ಲೂಕಿನ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಕಾಳಿ ನದಿಯನ್ನು ತಡೆದು ನಿಲ್ಲಿಸಿದೆ. ಅಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 100 ಮೆಗಾವ್ಯಾಟ್. ಅದೇ ನೀರು ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲೂ ಚಕ್ರ ತಿರುಗಿಸುತ್ತದೆ. ಆ ಅಣೆಕಟ್ಟಿಗಾಗಿ ಸೂಪಾ ಪೇಟೆ ಮುಳುಗಿತು. ಮನೆ ಕಳೆದುಕೊಂಡವರಿಗೆ ನೆಲೆಯಾಗಿ ಬೆಳೆದದ್ದು ರಾಮನಗರ. ಕ್ಯಾಸಲ್‌ರಾಕಿನ ಫ್ರಿಜ್ ಕೆಟ್ಟರೆ ಮೆಕ್ಯಾನಿಕ್ ಬರುವುದು ಆ ಊರಿನಿಂದ. ನಾಡಿಗೆ ಬೆಳಕು ಕೊಟ್ಟ ತಾಲ್ಲೂಕಿನ ತುದಿಯ ಮನೆಗೆ ಸಮನಾದ ಕರೆಂಟು ಸಿಗಬೇಕು ಎನ್ನುವುದು ದೊಡ್ಡ ಬೇಡಿಕೆಯೇನಲ್ಲ.

ಬಿಸಿಯನ್ನು ಒತ್ತುವ ಕೆಲಸ

ಮೆಕ್ಯಾನಿಕ್ ಬಂದವನೇ ಚೀಲ ಬಿಚ್ಚುವುದಿಲ್ಲ. ಮೊದಲು ಪ್ಲಗ್ ಕೀಳುತ್ತಾನೆ, ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆಯುತ್ತಾನೆ. ಹಿಂದಿನ ಕಪ್ಪು ಜಾಲರಿಯಂಥ ಕಾಯಿಲ್ ಮೇಲೆ ಒಲೆಯ ಮಸಿ, ಎಣ್ಣೆಯ ಅಂಟು, ಜೇಡನ ಬಲೆ ಒಂದರ ಮೇಲೊಂದು ಹತ್ತಿವೆ. ಗೋಡೆಗೂ ಕಾಯಿಲ್‌ಗೂ ನಡುವೆ ಕೈ ತೂರುವಷ್ಟೂ ಜಾಗವಿರಲಿಲ್ಲ. ಒಣ ಬ್ರಷ್ಷಿನಿಂದ ತಿಕ್ಕುತ್ತ ಮನೆಯಾಕೆಗೆ ತಿಳಿಸಿ ಹೇಳುತ್ತಾನೆ: "ಒಳಗಿನ ಬಿಸಿ ಹೊರಗ ಹೋಗೋದು ಇದರಾಗಿಂದ ಅಕ್ಕಾರ. ಇದರ ಬಾಯಿ ಕಟ್ಟಿದ್ರ ಒಳಗ ತಂಪು ಎಲ್ಲಿಂದ ಬರಬೇಕು?"

ಫ್ರಿಜ್ಜಿನ ಗುಟ್ಟೆಲ್ಲ ಆ ಮಾತಿನಲ್ಲಿದೆ. ಅದು ತಂಪನ್ನು ತಯಾರಿಸುವ ಯಂತ್ರವಲ್ಲ, ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುವ ಯಂತ್ರ. ಬಿಸಿ ತನ್ನಷ್ಟಕ್ಕೆ ಬಿಟ್ಟರೆ ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ಇಳಿಯುತ್ತದೆ. ತಂಪಿನ ಪೆಟ್ಟಿಗೆಯಿಂದ ಬಿಸಿ ಅಡುಗೆಮನೆಗೆ ಅದನ್ನು ಹತ್ತಿಸಬೇಕಾದರೆ ಹಿಂದಿನಿಂದ ಒತ್ತಬೇಕು. ಗೋವಾದ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಸುಮಾರು 26 ಕಿ.ಮೀ. ಘಟ್ಟದಲ್ಲಿ 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಏರು. ಬ್ಯಾಂಕರ್ ಎಂಜಿನ್ ಒತ್ತದಿದ್ದರೆ ಭಾರದ ಗಾಡಿ ಆ ಏರನ್ನು ಹತ್ತಲಾರದು. ಫ್ರಿಜ್ಜಿನಲ್ಲಿ ಆ ಒತ್ತುವ ಕೆಲಸ ಕಂಪ್ರೆಸರಿನದು.

ತಳದಲ್ಲಿರುವ ಕಪ್ಪು ಗುಂಡು ಡಬ್ಬಿಯೇ ಕಂಪ್ರೆಸರ್. ಒಳಗಿನಿಂದ ಬಂದ ಅನಿಲವನ್ನು ಅದು ಒತ್ತುತ್ತದೆ. ಒತ್ತಿದ ಅನಿಲ ಬಿಸಿಯಾಗುತ್ತದೆ. ಹಿಂದಿನ ಕಾಯಿಲ್‌ನಲ್ಲಿ ಹರಿಯುತ್ತ ಆ ಬಿಸಿಯನ್ನು ಕೋಣೆಯ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ತೇವ, ಕಸ ಹಿಡಿದಿಡುವ ಡ್ರೈಯರ್ ದಾಟಿ, ಕೂದಲಂಥ ರಂಧ್ರದ ಕ್ಯಾಪಿಲರಿ ನಳಿಗೆಯಲ್ಲಿ ನುಸುಳಿ ಫ್ರೀಜರಿನ ಅಗಲದ ದಾರಿಗೆ ಬಂದು ಬೀಳುತ್ತದೆ. ಅಲ್ಲಿ ಒತ್ತಡ ಒಮ್ಮೆಲೇ ಇಳಿಯುತ್ತದೆ, ದ್ರವ ಕುದಿಯುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ಹಾಲಿನಿಂದ, ಸೊಪ್ಪಿನಿಂದ, ನೀರಿನಿಂದ ಹೀರಿಕೊಳ್ಳುತ್ತದೆ. ಮತ್ತೆ ಕಂಪ್ರೆಸರಿಗೆ ಬರುತ್ತದೆ. ಈ ಸುತ್ತು ಎಲ್ಲಿ ಕಡಿದರೂ ಮನೆಯವರು ಹೇಳುವ ಮಾತು ಒಂದೇ: ಫ್ರಿಜ್ ತಣ್ಣಗಾಗುತ್ತಿಲ್ಲ.

ಕಡಿದದ್ದು ಎಲ್ಲಿ ಎಂದು ಹುಡುಕುವುದೇ ರಿಪೇರಿ. ಬಿಡಿಭಾಗ ಬದಲಿಸುವುದು ಆಮೇಲಿನ ಸಣ್ಣ ಕೆಲಸ.

ಅವನು ಮೀಟರಿನ ಎರಡು ಕಡ್ಡಿಗಳನ್ನು ಗೋಡೆಯ ಸಾಕೆಟ್ಟಿಗೆ ಕೊಡುತ್ತಾನೆ. ಇರಬೇಕಾದದ್ದು 230 ವೋಲ್ಟ್, ಹೆಚ್ಚೆಂದರೆ ನೂರಕ್ಕೆ ಆರರಷ್ಟು ಆಚೆ ಈಚೆ. ಮೀಟರ್ 170ರ ಕೆಳಗೆ ತೂಗಾಡುತ್ತದೆ. ಬಲ್ಬಿಗೆ ಇಷ್ಟು ಸಾಕು, ಕಂಪ್ರೆಸರಿಗೆ ಸಾಲದು. ಇಂಥ ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 160 ವೋಲ್ಟ್ ಬಂದರೆ ಎಳೆತ ಅರ್ಧಕ್ಕಿಂತಲೂ ಕಡಿಮೆ. ಮೋಟಾರ್ ತಿರುಗಲಾರದೆ ನಿಂತಲ್ಲೇ ಮೊರೆಯುತ್ತದೆ, ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಅದು ಸುಡುವ ಮೊದಲು ಓವರ್‌ಲೋಡ್ ಎಂಬ ಕಾವಲು ಸ್ವಿಚ್ಚು ಕರೆಂಟು ಕಡಿಯುತ್ತದೆ. ಮನೆಯಾಕೆ ಕೇಳಿದ ಟಿಕ್ ಅದೇ. ತುಸು ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ, ಮತ್ತೆ ಮೊರೆತ, ಮತ್ತೆ ಟಿಕ್. ಎರಡು ದಿನ ಹೀಗೇ ನಡೆದರೆ ಒಂದಲ್ಲ ಒಂದು ಭಾಗ ಸೋಲುತ್ತದೆ.

ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದು ರಿಲೇ ಎಳೆದು ಕಿವಿಯ ಹತ್ತಿರ ಅಲುಗಾಡಿಸುತ್ತಾನೆ. ಗಿಲಗಿಲ ಎನ್ನುತ್ತದೆ. ಒಳಗಿನ ಬಿಲ್ಲೆ ಒಡೆದಿದೆ, ಸುಟ್ಟ ವಾಸನೆಯಿದೆ. ಅಲ್ಲಿಗೇ ನಿಲ್ಲುವುದಿಲ್ಲ. ಕಂಪ್ರೆಸರಿನ ಮೂರು ಪಿನ್ನುಗಳ ನಡುವೆ ಮೀಟರ್ ಹಿಡಿದು ಸುತ್ತು ಕಡಿದಿಲ್ಲವೆಂದು ನೋಡುತ್ತಾನೆ. ಒಂದು ಕಡ್ಡಿಯನ್ನು ಪಿನ್ನಿಗೂ ಇನ್ನೊಂದನ್ನು ಕಂಪ್ರೆಸರಿನ ಮೈಗೂ ತಾಗಿಸಿ ಕರೆಂಟು ಬಾಡಿಗೆ ಇಳಿಯುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಎರಡೂ ಸರಿಯಿವೆ, ಕಂಪ್ರೆಸರ್ ಉಳಿದಿದೆ. ಹೊಸ ರಿಲೇ, ಹೊಸ ಓವರ್‌ಲೋಡ್ ಕೂಡಿಸುತ್ತಾನೆ. ಆದರೂ ಸ್ವಿಚ್ ಹಾಕುವುದಿಲ್ಲ.

"ವೋಲ್ಟೇಜ್ ಬರ್ಲಿ ಅಕ್ಕಾರ. ಈಗ ಹಾಕಿದ್ರ ಇದೂ ಸುಡ್ತೈತಿ. ಒಂದು ಸ್ಟೆಬಿಲೈಜರ್ ತಗೊಳ್ರಿ, ಟೈಮ್ ಡಿಲೇ ಇರೋದು."

ಲೈಟ್ ಹೋಗಿ ತಟ್ಟನೆ ಬಂದಾಗ ಕಂಪ್ರೆಸರಿನ ಎರಡೂ ಕಡೆಯ ಒತ್ತಡ ಸಮನಾಗಿರುವುದಿಲ್ಲ. ಆ ಹೊರೆಯ ಎದುರು ಮೋಟಾರ್ ಎದ್ದು ತಿರುಗುವುದು ಕಷ್ಟ. ನಾಲ್ಕೈದು ನಿಮಿಷ ಬಿಟ್ಟು ಕರೆಂಟು ಕೊಟ್ಟರೆ ಸಲೀಸಾಗಿ ಎದ್ದುಕೊಳ್ಳುತ್ತದೆ. ಟೈಮ್ ಡಿಲೇ ಮಾಡುವುದು ಅದನ್ನೇ. ಸ್ಟೆಬಿಲೈಜರ್ ಬರುವವರೆಗೆ ಆ ಕೆಲಸ ಮನೆಯವರದು: ಲೈಟ್ ಹೋದೊಡನೆ ಸ್ವಿಚ್ ಆರಿಸುವುದು, ಬಂದು ನಿಂತ ಮೇಲೆ ತುಸು ತಾಳಿ ಹಾಕುವುದು.

ಮೇಲೆ ಮಂಜುಗಡ್ಡೆ, ಕೆಳಗೆ ಸೆಕೆ

ಅಲ್ಲಿಂದ ಅವನ ದಾರಿ ರೈಲ್ವೆ ಕ್ವಾರ್ಟರ್ಸಿಗೆ. ಇಲ್ಲಿಯ ಫ್ರಿಜ್ ಫ್ರಾಸ್ಟ್‌ಫ್ರೀ, ಎರಡು ಬಾಗಿಲಿನದು. ದೂರು ಬೇರೆ ರೀತಿಯದು: ಮೇಲೆ ಐಸ್ ಆಗುತ್ತದೆ, ಕೆಳಗೆ ಹೂಕೋಸು ಬಾಡುತ್ತದೆ. ಮನೆಯ ಯಜಮಾನರು ಹುಬ್ಬಳ್ಳಿಯಲ್ಲಿರುವ ಪರಿಚಯದವರನ್ನು ಕೇಳಿದ್ದಾರೆ. ಗ್ಯಾಸ್ ಖಾಲಿಯಾಗಿರಬೇಕು ಎಂಬ ಉತ್ತರ ಬಂದಿದೆ.

"ಗ್ಯಾಸ್ ಖಾಲಿ ಆಗಿದ್ರ ಮ್ಯಾಲೂ ಐಸ್ ಆಗ್ತಿರಲಿಲ್ರೀ ಸರ" ಎಂದು ಹೇಳಿ ಅವನು ಫ್ರೀಜರಿನ ಒಳಗಿನ ಹಿಂಬದಿಯ ಹಲಗೆ ಬಿಚ್ಚುತ್ತಾನೆ. ಹಲಗೆಯ ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳ ಕಾಯಿಲ್ ಇರಬೇಕು. ಕಾಣುವುದು ಬಿಳಿ ಗೋಡೆ. ರೆಕ್ಕೆ ರೆಕ್ಕೆಯ ನಡುವೆ ಮಂಜು ಗಟ್ಟಿಯಾಗಿ ಕೂತು ಗಾಳಿಯ ದಾರಿ ಮುಚ್ಚಿಹೋಗಿದೆ. ಈ ಬಗೆಯ ಫ್ರಿಜ್ಜಿನಲ್ಲಿ ತಂಪು ಇರುವುದು ಮೇಲೆ ಮಾತ್ರ. ಒಂದು ಚಿಕ್ಕ ಫ್ಯಾನು ಅದನ್ನು ಕೆಳಗಿನ ಖಾನೆಗೆ ನೂಕುತ್ತದೆ. ಕಾಯಿಲ್‌ಗೆ ಕಟ್ಟಿದ ಮಂಜನ್ನು ಆಗಾಗ ಕರಗಿಸಲು ಹೀಟರ್, ಹೊತ್ತು ನೋಡಿ ಅದನ್ನು ಹಚ್ಚಲು ಟೈಮರ್ ಅಥವಾ ಕಾರ್ಡು, ಅತಿಯಾಗಿ ಕಾಯದಂತೆ ಬೈಮೆಟಲ್ ಇರುತ್ತವೆ. ಇವುಗಳಲ್ಲಿ ಒಂದು ಸೋತರೂ ಮಂಜು ಬೆಳೆಯುತ್ತ ಹೋಗಿ ಗಾಳಿ ಕಟ್ಟುತ್ತದೆ.

ಬಯಲುಸೀಮೆಯಲ್ಲಿ ಈ ರೋಗ ಬಲಿಯಲು ಸಮಯ ಬೇಕು. ಕ್ಯಾಸಲ್‌ರಾಕಿನ ಮಳೆಗಾಲಕ್ಕೆ ಅದು ಬೇಕಿಲ್ಲ. ಬಾಗಿಲು ತೆಗೆದಾಗಲೆಲ್ಲ ನೀರು ತುಂಬಿದ ಗಾಳಿ ಒಳನುಗ್ಗುತ್ತದೆ, ಆ ನೀರೆಲ್ಲ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ. ಬಾಗಿಲೇ ಸರಿಯಾಗಿ ಮುಚ್ಚದಿದ್ದರೆ ಹಗಲಿರುಳೂ ಅದೇ ನಡೆಯುತ್ತದೆ. ಅವನು ಹಳೆಯ ರಸೀದಿಯ ಚೀಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯುತ್ತಾನೆ. ಮೇಲೆ, ಪಕ್ಕದಲ್ಲಿ ಬಿಗಿಯಾಗಿದೆ. ಕೆಳಮೂಲೆಯಲ್ಲಿ ತಡೆಯೇ ಇಲ್ಲದೆ ಜಾರಿ ಬರುತ್ತದೆ. ಗ್ಯಾಸ್ಕೆಟ್ಟಿನ ಮಡಿಕೆಯಲ್ಲಿ ಕಪ್ಪು ಬೂಷ್ಟು, ಅನ್ನದ ಅಗುಳು, ಸತ್ತ ಇರುವೆ. ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ತೊಳೆದು, ಮನೆಯ ಹೇರ್‌ಡ್ರೈಯರಿನ ಬಿಸಿಗಾಳಿ ಹಿಡಿದು ಒತ್ತಿದರೆ ರಬ್ಬರ್ ಮೊದಲ ಆಕಾರಕ್ಕೆ ಬರುತ್ತದೆ. ಚೀಟಿ ಈಗ ಅಲ್ಲಿಯೂ ಬಿಗಿಯಾಗಿ ನಿಲ್ಲುತ್ತದೆ.

ಬೈಮೆಟಲ್ ಕೆಟ್ಟಿದೆ, ಬದಲಿಸುತ್ತಾನೆ. ಕರಗಿದ ನೀರು ಹೊರಹೋಗುವ ತೂತಿನಲ್ಲಿ ಕಸ ಕಟ್ಟಿದೆ, ಬಿಸಿನೀರು ಬಿಟ್ಟು ತೆರೆಯುತ್ತಾನೆ. ಕಾಯಿಲ್ ಮೇಲಿನ ಮಂಜನ್ನು ಕೆರೆಯಲು ಮನೆಯ ಹುಡುಗ ಸ್ಕ್ರೂಡ್ರೈವರ್ ಎತ್ತಿಕೊಂಡಾಗ ಮಾತ್ರ ಅವನ ದನಿ ಏರುತ್ತದೆ. "ಚೂಪಂದು ಮುಟ್ಟಿಸಬ್ಯಾಡ! ಬಾಗಲಾ ತೆಗೆದಿಡು, ತಾನಾ ಕರಗ್ಲಿ." ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಕಾರಣ ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿದೆ.

ಚಾಕು ಮಾಡಿದ ತೂತು

ಖಾನಾವಳಿಯದು ಒಂಟಿ ಬಾಗಿಲಿನ ಫ್ರಿಜ್. ಮೀನು, ಹಾಲು, ಹಿಟ್ಟು, ತಂಪು ನೀರು ಎಲ್ಲದಕ್ಕೂ ಅದೊಂದೇ. ಫ್ರೀಜರಿನಲ್ಲಿ ಕಟ್ಟಿದ ಐಸಿಗೆ ಮೀನಿನ ಡಬ್ಬಿ ಅಂಟಿಕೊಂಡಿತ್ತು. ಗಿರಾಕಿಗಳು ಕೂತಿದ್ದರು, ಕೈಗೆ ಸಿಕ್ಕ ಚಾಕುವಿನಿಂದ ಮೀಟಿದರು. ಡಬ್ಬಿ ಬಿಟ್ಟಿತು. ಜೊತೆಗೇ ಸುಸ್ ಎಂಬ ಸಣ್ಣ ಸದ್ದು. ಮಾರನೆಯ ದಿನದಿಂದ ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ತಂಪು ಇಲ್ಲ.

ಮೆಕ್ಯಾನಿಕ್ ಹಿಂದಿನ ಕಾಯಿಲ್ ಮುಟ್ಟಿ ನೋಡುತ್ತಾನೆ. ಕಂಪ್ರೆಸರ್ ಓಡುತ್ತಿದ್ದರೆ ಕಾಯಿಲ್ ಬೆಚ್ಚಗಿರಬೇಕು, ತಣ್ಣಗಿದೆ. ಒತ್ತಲು ಒಳಗೆ ಅನಿಲವೇ ಇಲ್ಲ. ಫ್ರೀಜರಿನ ತಗಡಿನಲ್ಲಿ ಚಾಕುವಿನ ಮೊನೆಯಷ್ಟು ಗುರುತು, ಸುತ್ತ ತುಸು ಎಣ್ಣೆ. ಅನಿಲದೊಡನೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ತೂತು ಬಿದ್ದಲ್ಲಿ ಅದು ಜಿನುಗಿ ಜಾಗ ತೋರಿಸುತ್ತದೆ. ಇದು ನಿಂತಲ್ಲೇ ಮುಗಿಯುವ ಕೆಲಸವಲ್ಲ. ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು, ತಾಡಪತ್ರಿ ಹೊದಿಸಿ ಪಿಕಪ್‌ನಲ್ಲಿ ರಾಮನಗರಕ್ಕೆ ಒಯ್ಯುತ್ತಾರೆ. ಮಲಗಿಸಿ ಒಯ್ದರೆ ಎಣ್ಣೆ ಕಂಪ್ರೆಸರ್ ಬಿಟ್ಟು ನಳಿಗೆಗೆ ಇಳಿಯುತ್ತದೆ.

ವರ್ಕ್‌ಶಾಪು ಎಂದರೆ ರಸ್ತೆ ಬದಿಯ ಒಂದು ಮಳಿಗೆ. ಬಾಗಿಲು ಕಳಚಿದ ಫ್ರಿಜ್ಜುಗಳು, ಗೋಡೆಗೆ ತೂಗಿದ ಕ್ಯಾಪಿಲರಿ ಸುರುಳಿಗಳು, ಡಬ್ಬಿಗಳಲ್ಲಿ ಥರ್ಮೋಸ್ಟಾಟ್, ರಿಲೇ, ಡ್ರೈಯರ್. ಮೂಲೆಯಲ್ಲಿ ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್, ಕೆಂಪು-ನೀಲಿ ಪೈಪುಗಳ ಗೇಜು, ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ. ಕಸುಬು ಬಲ್ಲವನನ್ನು ಗುರುತಿಸಬೇಕಾದರೆ ಆ ತಕ್ಕಡಿಯನ್ನೂ ಪಂಪನ್ನೂ ನೋಡಬೇಕು. ಅವೆರಡೂ ಇಲ್ಲದೆ ಗ್ಯಾಸ್ ತುಂಬುವವರಿದ್ದಾರೆ. ಅಂಥವರು ತುಂಬಿದ್ದು ಬಹಳ ದಿನ ಬಾಳುವುದಿಲ್ಲ.

ಫ್ರಿಜ್ಜಿನ ಹಿಂದಿನ ಲೇಬಲ್ಲಿನಲ್ಲಿ ಆರ್600ಎ ಎಂದಿದೆ. ಇದು ಐಸೊಬ್ಯುಟೇನ್, ಅಡುಗೆ ಅನಿಲದ ಬಳಗದ್ದು, ಬೆಂಕಿ ಹತ್ತುವಂಥದ್ದು. ಅವನು ಮೊದಲು ಮಳಿಗೆಯ ಎರಡೂ ಬಾಗಿಲು ತೆರೆಯುತ್ತಾನೆ, ಉಳಿದ ಅನಿಲವನ್ನು ಪೈಪಿನ ಮೂಲಕ ಹೊರಗೆ ಬಿಡುತ್ತಾನೆ, ನೈಟ್ರೋಜನ್ ಹಾಯಿಸಿ ಒಳಗನ್ನು ತೊಳೆಯುತ್ತಾನೆ. ಆಮೇಲೆಯೇ ಜ್ವಾಲೆ ಹಚ್ಚುವ ಮಾತು. ತೂತು ಬಿದ್ದ ಫ್ರೀಜರ್ ತಗಡನ್ನು ಬದಲಿಸಿ, ಬೆಸುಗೆ ಹಾಕಿ, ನೈಟ್ರೋಜನ್ ಒತ್ತಡ ತುಂಬಿ, ಪ್ರತಿ ಕೂಡಿಕೆಗೂ ಸೋಪಿನ ನೊರೆ ಹಚ್ಚಿ ದಿಟ್ಟಿಸುತ್ತಾನೆ. ಗುಳ್ಳೆ ಏಳುವುದಿಲ್ಲ. ಗೇಜಿನ ಮುಳ್ಳು ಎಲ್ಲಿ ನಿಂತಿದೆಯೆಂದು ಗುರುತು ಹಾಕಿ ರಾತ್ರಿಯಿಡೀ ಬಿಡುತ್ತಾನೆ.

ಮುಂದಿನ ಹೆಜ್ಜೆಯಲ್ಲಿ ಈ ಸೀಮೆಯ ಮಳೆಗಾಲ ಮತ್ತೆ ಎದುರಾಗುತ್ತದೆ. ಆರ್600ಎ ಓಡುವಾಗ ಫ್ರೀಜರ್ ಬದಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಿರುತ್ತದೆ. ಹಾಗಾಗಿ ಆ ಬದಿಗೆ ತೂತು ಬಿದ್ದು ಕಂಪ್ರೆಸರ್ ಓಡುತ್ತಲೇ ಇದ್ದರೆ ಹೊರಗಿನ ಒದ್ದೆ ಗಾಳಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಖಾನಾವಳಿಯ ಫ್ರಿಜ್ ದಿನವಿಡೀ ಹಾಗೆಯೇ ಓಡಿದೆ, ಘಟ್ಟದ ಮಂಜನ್ನೇ ಹೀರಿದೆ. ಆ ತೇವ ಒಳಗುಳಿದರೆ ಕ್ಯಾಪಿಲರಿಯ ಬಾಯಲ್ಲಿ ಹನಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಫ್ರಿಜ್ ತುಸು ಹೊತ್ತು ತಂಪಾಗುತ್ತದೆ, ನಿಲ್ಲುತ್ತದೆ, ಹೆಪ್ಪು ಕರಗಿದಾಗ ಮತ್ತೆ ತಂಪಾಗುತ್ತದೆ. ಮೆಕ್ಯಾನಿಕರು ಇದಕ್ಕೆ ಚೋಕ್ ಎನ್ನುತ್ತಾರೆ. ಅದಕ್ಕೇ ಹಳೆಯ ಡ್ರೈಯರ್ ಎಸೆದು ಹೊಸದನ್ನು ಹಾಕುವುದು, ವ್ಯಾಕ್ಯೂಮ್ ಪಂಪನ್ನು ಅವಸರವಿಲ್ಲದೆ ಬಹು ಹೊತ್ತು ಓಡಿಸುವುದು. ಕೊನೆಗೆ ಲೇಬಲ್ಲಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ಒಳಬಿಡುವುದು. ಮನೆಯ ಫ್ರಿಜ್ಜಿಗೆ ಈ ಅನಿಲ ಬೇಕಾಗುವುದು ಕೆಲವು ಹತ್ತು ಗ್ರಾಂ ಮಾತ್ರ. ತುಸು ಹೆಚ್ಚಾದರೂ ಕಡಿಮೆಯಾದರೂ ತಂಪು ಕೆಡುತ್ತದೆ.

ಮಳಿಗೆಯ ಹಿಂದೆ ಹಳೆಯ ಕಂಪ್ರೆಸರ್‌ಗಳ ರಾಶಿಯಿದೆ. ಕೆಲವುಗಳ ಮೇಲೆ ಆರ್12 ಎಂಬ ಅಚ್ಚು ಇನ್ನೂ ಓದಲು ಬರುತ್ತದೆ. ಒಂದು ಕಾಲದಲ್ಲಿ ಎಲ್ಲರ ಮನೆಯ ಫ್ರಿಜ್ಜಿನಲ್ಲೂ ಇದ್ದದ್ದು ಅದೇ. ಹೊರಬಿದ್ದರೆ ಮೇಲಕ್ಕೇರಿ ಓಜೋನ್ ಪದರವನ್ನು ತಿನ್ನುತ್ತದೆಂದು ತಿಳಿದ ಮೇಲೆ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಅದಕ್ಕೆ ಸೇರಿತು, 2010ರ ಹೊತ್ತಿಗೆ ಇಲ್ಲಿ ಅದರ ಬಳಕೆಗೆ ತೆರೆ ಬಿತ್ತು. ಅದರ ಜಾಗಕ್ಕೆ ಬಂದ ಆರ್134ಎ ಓಜೋನನ್ನು ಮುಟ್ಟದು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಐಸೊಬ್ಯುಟೇನಿನಲ್ಲಿ ಈ ಎರಡು ಕೇಡುಗಳೂ ಇಲ್ಲವೆನ್ನಬಹುದು. ಅದಕ್ಕೆ ಬೇಕಾದದ್ದು ಎಚ್ಚರದ ಕೈ. ಜಗತ್ತಿನ ಒಪ್ಪಂದಗಳು ಕೊನೆಗೆ ಬಂದು ಮುಟ್ಟುವುದು ಇಂಥ ಮಳಿಗೆಯಲ್ಲಿ ಕೂತವನ ಕೈಗೆ. ಅವನಿಗೆ ಹೊಸ ಅನಿಲದ ಗುಣ ಗೊತ್ತಿದ್ದರೆ ಒಪ್ಪಂದವೂ ಉಳಿಯುತ್ತದೆ, ಅವನ ಜೀವವೂ ಉಳಿಯುತ್ತದೆ.

ಕಾಯುವ ಹೊತ್ತಿನ ಜಾಣತನ

ಮೆಕ್ಯಾನಿಕ್ ಬರುವವರೆಗಿನ ಹೊತ್ತನ್ನು ಈ ಸೀಮೆಯ ಹೆಂಗಸರು ಅಂಜದೆ ನಿಭಾಯಿಸುತ್ತಾರೆ. ಫ್ರಿಜ್ ಬರುವ ಮೊದಲು ಇಲ್ಲಿಯ ಮನೆಗಳು ನಾಲ್ಕು ತಿಂಗಳ ಮಳೆಯನ್ನು ಕಳೆದದ್ದು ಒಲೆಯ ಮೇಲಿನ ಅಟ್ಟದಿಂದ. ಒಣಮೀನು, ಮುರುಗಲ ಸಿಪ್ಪೆ, ಹಲಸಿನ ಹಪ್ಪಳ ಎಲ್ಲವೂ ಅಲ್ಲಿ ಹೊಗೆ ಕುಡಿದು ಬಾಳುತ್ತಿದ್ದವು. ಕುಣಬಿ ಸಮುದಾಯದವರ ಮನೆಯ ಗೆಡ್ಡೆಗೆಣಸಿಗೆ ಯಾವ ತಂಪೂ ಬೇಕಿಲ್ಲ. ಹಾಲು ಉಳಿಯದೆಂದು ಕಂಡರೆ ಸಂಜೆಗೇ ಹೆಪ್ಪು ಹಾಕಿ ಮೊಸರು ಮಾಡುತ್ತಾರೆ. ಆ ತಿಳಿವಳಿಕೆಗೆ ಈಗಿನ ಕೆಲವು ಮಾತು ಸೇರಿಸಿಕೊಂಡರೆ ಸಾಕು. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರನ್ನು ತೆರೆಯದಿದ್ದರೆ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ. ಮಾಂಸ, ಮೀನು, ಬೇಯಿಸಿದ ಅನ್ನ ಬೆಚ್ಚಗಾಗಿ ಹೊತ್ತಾಗಿದ್ದರೆ ಮೂಸಿ ನೋಡಿ ನಂಬಬಾರದು, ಚೆಲ್ಲಬೇಕು.

ಇನ್ಸುಲಿನ್ ಮಾತು ಬೇರೆ. ತೆರೆಯದ ಶೀಶೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಲೂ ಬಾರದು. ಬಳಕೆಯಲ್ಲಿರುವ ಶೀಶೆ ಬಿಸಿಲು, ಒಲೆಗಳಿಂದ ದೂರವಿದ್ದರೆ ತಂಪಾದ ಕೋಣೆಯಲ್ಲಿ ಕೆಲವು ವಾರ ತಾಳುತ್ತದೆ. ಎಷ್ಟು ದಿನವೆಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಮೊದಲ ಮನೆಯಾಕೆ ಮಾಡಿದ್ದು ಸರಿಯಾದದ್ದೇ. ಶೀಶೆಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ನೆರೆಮನೆಯ ಫ್ರಿಜ್ಜಿನ ನಡುವಿನ ಖಾನೆಗೆ ಕಳಿಸಿದಳು, ಫ್ರೀಜರಿನ ಹತ್ತಿರ ಇಡಬೇಡಿ ಎಂದು ಹೇಳಿ ಬಂದಳು. ಸಂಜೆ ವೋಲ್ಟೇಜ್ ಏರಿ, ಅವಳ ಫ್ರಿಜ್ಜಿನ ಕಂಪ್ರೆಸರ್ ಎದ್ದು ಓಡತೊಡಗಿದ ಮೇಲೂ ಅವನ್ನು ಅವಸರದಿಂದ ತರಲಿಲ್ಲ. ಒಂದು ಲೋಟ ನೀರಿಟ್ಟು, ರಾತ್ರಿ ಕಳೆದು, ಅದು ಚೆನ್ನಾಗಿ ತಣ್ಣಗಾಗಿದೆಯೆಂದು ಕಂಡ ಮೇಲೆ ತಂದಳು.

ಕೇಳಬೇಕಾದ ಪ್ರಶ್ನೆ

ಸರಿಯಾಗಿ ತಂಪಾಗದ ಮೂರು ಫ್ರಿಜ್ಜುಗಳು. ಮೂರಕ್ಕೂ ಬೇರೆ ಬೇರೆ ಕಾರಣ. ಗ್ಯಾಸ್ ತುಂಬಬೇಕಾದದ್ದು ಒಂದಕ್ಕೆ ಮಾತ್ರ. ಉಳಿದೆರಡಕ್ಕೂ ಹುಡುಕದೆ ಗ್ಯಾಸ್ ತುಂಬಿದ್ದರೆ ಹಣವೂ ಹೋಗುತ್ತಿತ್ತು, ರೋಗವೂ ಉಳಿಯುತ್ತಿತ್ತು. ಫ್ರಿಜ್ಜಿನ ಅನಿಲ ವಾಹನದ ಪೆಟ್ರೋಲಿನಂತೆ ಓಡಿದಷ್ಟೂ ತೀರುವಂಥದ್ದಲ್ಲ. ಮುಚ್ಚಿದ ನಳಿಗೆಯೊಳಗೆ ಅದು ವರ್ಷಗಟ್ಟಲೆ ಅಷ್ಟೇ ಇರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ತುಂಬಿದ ಗ್ಯಾಸ್ ಅದೇ ತೂತಿನಿಂದ ಹೊರಬೀಳುತ್ತದೆ.

ಕೆಟ್ಟಿತೆಂದೊಡನೆ ಹೊಸದು ಕೊಳ್ಳಿ ಎನ್ನುವ ಮಾತು ಪೇಟೆಗೆ ಹತ್ತಿರವಿರುವವರಿಗೆ ಹಗುರ. ಘಟ್ಟದ ತುದಿಯ ಮನೆಗೆ ಅದು ಸಾಲದ ಮಾತು, ಹಳೆಯ ಪೆಟ್ಟಿಗೆ ಕಾಡಂಚಿನಲ್ಲಿ ತುಕ್ಕು ಹಿಡಿಯುವ ಮಾತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಿಪೇರಿಯ ಹಕ್ಕಿಗಾಗಿ ಪೋರ್ಟಲ್ ತೆರೆದಿದೆ. ಬಿಡಿಭಾಗ, ರಿಪೇರಿಯ ಮಾಹಿತಿ ಗ್ರಾಹಕರಿಗೆ ಸಿಗಬೇಕೆಂಬುದು ಅದರ ಆಶಯ. ಆ ಆಶಯ ರಾಮನಗರದ ಮಳಿಗೆಯ ಡಬ್ಬಿಯವರೆಗೆ ಬರಬೇಕು. ಹಳಿಯಾಳದಲ್ಲಿ ಗ್ರಾಮೀಣ ಯುವಕರಿಗೆ ಸ್ವಉದ್ಯೋಗದ ತರಬೇತಿ ಕೊಡುವ ಆರ್‌ಸೆಟಿ ಕೇಂದ್ರವಿದೆ, ಇಂಥ ಕೇಂದ್ರಗಳ ತರಬೇತಿ ಪಟ್ಟಿಯಲ್ಲಿ ಫ್ರಿಜ್ ರಿಪೇರಿಯೂ ಇದೆ. ಜೋಯಿಡಾದ ಒಳ ಹಳ್ಳಿಗಳಿಂದ ಇನ್ನಷ್ಟು ಹುಡುಗ ಹುಡುಗಿಯರು ಆ ಕಸುಬು ಕಲಿತು ಬಂದರೆ ತಂತಿಯ ತುದಿಯ ಊರುಗಳಿಗೆ ನೆಮ್ಮದಿ.

ಮನೆಯವರು ಮಾಡಬಹುದಾದದ್ದೂ ಇದೆ. ಗೋಡೆಯಿಂದ ಗೇಣು ದೂರ ಇಡುವುದು, ಕಾಯಿಲ್ ಧೂಳು ಒರೆಸುವುದು, ಬಾಗಿಲಿಗೆ ಚೀಟಿ ಸಿಕ್ಕಿಸಿ ನೋಡುವುದು, ಸದ್ದು ಕೇಳಿ ಇದ್ದಂತೆ ಹೇಳುವುದು. ರಿಪೇರಿ ಮುಗಿದಾಗ ತಾರೀಖು, ಬದಲಿಸಿದ ಭಾಗ, ತುಂಬಿದ ಅನಿಲದ ಹೆಸರು, ತೂಕ ಇವನ್ನು ಬರೆಸಿ ಫ್ರಿಜ್ಜಿನ ಪಕ್ಕಕ್ಕೆ ಅಂಟಿಸಿಕೊಳ್ಳುವುದು. ಮುಂದೆ ಬರುವ ಮೆಕ್ಯಾನಿಕ್‌ಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಮತ್ತು ಯಾರೇ ಬಂದು ಗ್ಯಾಸ್ ಹೋಗಿದೆ ಎಂದರೂ, ಎಲ್ಲಿಂದ ಹೋಗಿದೆ ಎಂದು ಕೇಳಬೇಕು. ಆ ಜಾಗಕ್ಕೆ ಬೆರಳಿಟ್ಟು ತೋರಿಸುವವನ ಕೈಗೆ ಧೈರ್ಯವಾಗಿ ಫ್ರಿಜ್ ಕೊಡಬಹುದು.